ನ್ಯೂಯಾರ್ಕ್‌ನಲ್ಲಿ ಮೊದಲ ಹ್ಯಾಲೋವೀನ್: ಎರಡು ಮಕ್ಕಳು, ಒಬ್ಬರು ಅತ್ತೆ, ಕಾರಿಲ್ಲ. ಏನು ಮಾಡೋದು?

ಹೊಸಬಳು_ಕ್ವೀನ್ಸ್ · ಅಕ್ಟೋಬರ್ 12

ಎಲ್ಲರಿಗೂ ನಮಸ್ಕಾರ. ನಾವು ಆಗಸ್ಟ್‌ನಲ್ಲಿ ಮೈಸೂರಿನಿಂದ ಬಂದೆವು. ಕ್ವೀನ್ಸ್‌ನ ರೀಗೊ ಪಾರ್ಕ್‌ನಲ್ಲಿ ಆರು ಮಹಡಿಯ ಹಳೇ ಕಟ್ಟಡ, ನಮ್ಮದು ನಾಲ್ಕನೇ ಮಹಡಿ. ಮಗನಿಗೆ ಒಂಬತ್ತು ವರ್ಷ, ಮಗಳಿಗೆ ನಾಲ್ಕು. ನಮ್ಮ ಅತ್ತೆಯೂ ಆರು ತಿಂಗಳಿಗೆ ಬಂದಿದ್ದಾರೆ.

ಶಾಲೆಯಲ್ಲಿ ಈಗಲೇ ಹ್ಯಾಲೋವೀನ್ ಗಲಾಟೆ ಶುರು. ಅಕ್ಟೋಬರ್ 31ಕ್ಕೆ ಮಕ್ಕಳು ವೇಷ ಹಾಕಿ ಮನೆ ಮನೆಗೆ ಹೋಗಿ ಮಿಠಾಯಿ ಕೇಳೋ ಹಬ್ಬ. ಮಗನಿಗೆ ಯಾವ ವೇಷ ಹಾಕೋದು ಅನ್ನೋದೇ ಧ್ಯಾನ. ಯಾವುದೋ ವಿಡಿಯೋ ನೋಡಿ ಭೂತಕೋಲದ ವೇಷವೇ ಬೇಕು ಅಂತ ಹಠ ಹಿಡಿದಿದ್ದಾನೆ. ಮಗಳದು ಉಲ್ಟಾ. ಅಂಗಡಿ ಮುಂದೆ ನೇತು ಹಾಕಿದ್ದ ಅಸ್ಥಿಪಂಜರ ನೋಡಿ ನನ್ನ ಜಾಕೆಟ್ ಒಳಗೆ ತಲೆ ತೂರಿಸಿದವಳು ಮನೆ ಬರುವವರೆಗೆ ಹೊರಗೆ ತೆಗೆಯಲಿಲ್ಲ. ಅತ್ತೆಯವರು "ಮನೆ ಮುಂದೆ ಗೋರಿ ಮಾಡಿಟ್ಟುಕೊಂಡಿದ್ದಾರಲ್ಲೇ, ಇವರಿಗೇನು ಬಂದಿದೆ?" ಅಂತ ದಿನಾ ಕೇಳುತ್ತಾರೆ.

ಮ್ಯಾನ್‌ಹ್ಯಾಟನ್‌ನ ದೊಡ್ಡ ಮೆರವಣಿಗೆಗೆ ಹೋಗಬೇಕು ಅಂತ ನಮ್ಮ ಯಜಮಾನರಿಗೆ ಆಸೆ. ನನಗೆ ಧೈರ್ಯ ಇಲ್ಲ. ಟಿಕೆಟ್‌ಗೆ ಜಾಸ್ತಿ ದುಡ್ಡು ಸುರಿಯೋ ಮನಸ್ಸೂ ಇಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಯಾರ ಬಾಗಿಲು ತಟ್ಟಬೇಕು? ತಿಳಿದವರು ಹೇಳಿ.

ಬೆಣ್ಣೆದೋಸೆ_ಬ್ರೂಕ್ಲಿನ್ · ಅಕ್ಟೋಬರ್ 12

ಅಕ್ಕ, ಮೊದಲು ಯಜಮಾನರನ್ನು ತಡೀರಿ.

ಗ್ರೀನಿಚ್ ವಿಲೇಜ್‌ನ ಆ ಮೆರವಣಿಗೆ ಒಮ್ಮೆ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. 31ರ ಸಂಜೆ ಏಳಕ್ಕೆ ಶುರುವಾಗಿ ಸಿಕ್ಸ್ತ್ ಅವೆನ್ಯೂ ಮೇಲೆ ಉತ್ತರಕ್ಕೆ ಹೋಗುತ್ತೆ. ಕೋಲಿನ ಮೇಲೆ ಕುಣಿಸುವ ದೈತ್ಯ ಬೊಂಬೆಗಳು, ಬ್ಯಾಂಡುಗಳು, ಸಾವಿರಾರು ವೇಷಗಳು. ವೇಷ ಹಾಕಿದ್ದರೆ ಯಾರು ಬೇಕಾದರೂ ಸೇರಿಕೊಂಡು ನಡೆಯಬಹುದು. ಆದರೆ ನಾಲ್ಕು ವರ್ಷದ ಕೂಸಿಗೆ ಅಲ್ಲಿ ಕಾಣೋದು ದೊಡ್ಡವರ ಬೆನ್ನು ಮಾತ್ರ. ಪಕ್ಕದ ಬೀದಿಗಳಿಗೆಲ್ಲ ಅಡ್ಡಗಟ್ಟೆ. ಮಗು "ಅಪ್ಪಾ ಒಂದಕ್ಕೆ" ಅಂದರೆ ಮುಗೀತು ಕಥೆ. ತಳ್ಳುಗಾಡಿ ಇದ್ದರಂತೂ ಕೇಳಬೇಡಿ. ಎಷ್ಟೋ ಸಬ್‌ವೇ ಸ್ಟೇಷನ್‌ಗಳಲ್ಲಿ ಲಿಫ್ಟ್ ಇಲ್ಲ.

ತಮಾಷೆ ಏನು ಅಂದ್ರೆ, ಆ ಮೆರವಣಿಗೆ ಹುಟ್ಟಿದ್ದೇ ಮಕ್ಕಳಿಗಾಗಿ. 1970ರ ದಶಕದ ಮೊದಲ ಭಾಗದಲ್ಲಿ ರಾಲ್ಫ್ ಲೀ ಅನ್ನುವ ಮುಖವಾಡ, ಬೊಂಬೆ ಮಾಡುವ ಕಲಾವಿದ ತನ್ನ ಮಕ್ಕಳನ್ನೂ ಅವರ ಗೆಳೆಯರನ್ನೂ ಕರೆದುಕೊಂಡು ಅಕ್ಕಪಕ್ಕದ ಮನೆಗಳಿಗೆ ಹೊರಟ. ಅದು ಬೆಳೆದೂ ಬೆಳೆದೂ ಈಗ ಮಕ್ಕಳಿಗೇ ಜಾಗ ಇಲ್ಲದಷ್ಟು ಆಗಿದೆ. ನಿಮಗೆ ಬೇಕಾಗಿರೋದು ಆ ಮೊದಲ ವರ್ಷದ್ದು, ಈಗಿನದ್ದಲ್ಲ.

ಅದು ನಿಮ್ಮ ಹತ್ತಿರವೇ ಇದೆ. ಜಾಕ್ಸನ್ ಹೈಟ್ಸ್‌ನಲ್ಲಿ 31ರ ಸಂಜೆ ಮಕ್ಕಳದ್ದೇ ಮೆರವಣಿಗೆ, 37ನೇ ಅವೆನ್ಯೂ ಮೇಲೆ. ಆರ್ ಟ್ರೇನ್ ಹತ್ತಿದರೆ ನಿಮಗೆ ನಾಲ್ಕೈದು ಸ್ಟೇಷನ್. 44 ಇಂಚಿಗಿಂತ ಗಿಡ್ಡ ಇರುವ ಮಕ್ಕಳಿಗೆ ಟ್ರೇನ್ ಟಿಕೆಟ್ ಇಲ್ಲ, ಮಗಳು ಪುಕ್ಕಟೆ. 74ನೇ ಬೀದಿಯ ನಮ್ಮ ಅಂಗಡಿಗಳು ಪಕ್ಕದಲ್ಲೇ. ಅತ್ತೆಯವರಿಗೆ ಕರಿಬೇವು, ಮಕ್ಕಳಿಗೆ ಮೆರವಣಿಗೆ, ಎರಡೂ ಒಂದೇ ಸಲ ಆಗುತ್ತೆ. ಅಲ್ಲೇ 34ನೇ ಅವೆನ್ಯೂ ಇದೆ, ಕಾರುಗಳ ಕಾಟ ಇಲ್ಲದ 26 ಬ್ಲಾಕ್. 2022ರಿಂದ ನಗರದವರು ಹ್ಯಾಲೋವೀನ್ ಸಂಜೆ ಬೇರೆ ಬೇರೆ ಕಡೆ ಇನ್ನೂ ಹಲವು ಬೀದಿಗಳಿಗೆ ಕಾರು ಬಿಡದೆ ಮಕ್ಕಳಿಗೆ ಬಿಟ್ಟುಕೊಡುತ್ತಿದ್ದಾರೆ.

ಇನ್ನು ಬಾಗಿಲು ತಟ್ಟುವ ವಿಚಾರ. ಕಟ್ಟಡದ ಕೆಳಗೆ ಲಾಬಿಯಲ್ಲಿ, ಟಪಾಲು ಡಬ್ಬಿಗಳ ಹತ್ತಿರ, ಒಂದು ಹಾಳೆ ಅಂಟಿಸುತ್ತಾರೆ. ಮಕ್ಕಳು ಬಂದರೆ ಪರವಾಗಿಲ್ಲ ಅನ್ನುವವರು ತಮ್ಮ ಮನೆ ನಂಬರು ಬರೆಯುತ್ತಾರೆ. ಆ ಬಾಗಿಲು ಮಾತ್ರ ತಟ್ಟಬೇಕು. ಹಾಳೆ ಕಾಣದಿದ್ದರೆ ಕಟ್ಟಡ ನೋಡಿಕೊಳ್ಳುವ ಸೂಪರ್‌ನ ಕೇಳಿ, ಇಲ್ಲವೇ ನೀವೇ ಒಂದು ಅಂಟಿಸಿ. ಯಾರೂ ಏನೂ ಅನ್ನಲ್ಲ. ಆರನೇ ಮಹಡಿಗೆ ಲಿಫ್ಟ್‌ನಲ್ಲಿ ಹೋಗಿ ಮೆಟ್ಟಿಲಲ್ಲಿ ಇಳಿಯುತ್ತಾ ಬನ್ನಿ. ಚಳಿ ಇಲ್ಲ, ಮಳೆ ಇಲ್ಲ, ಬೆಳಕಿದೆ, ಮಗಳು ಹೆದರಿದರೆ ಎರಡು ನಿಮಿಷದಲ್ಲಿ ಮನೆ.

ನಮ್ಮ ಕಡೆ ಬ್ರೂಕ್ಲಿನ್ ಹೈಟ್ಸ್‌ನಲ್ಲಿ ಗಾರ್ಡನ್ ಪ್ಲೇಸ್ ಅಂತ ಒಂದೇ ಬ್ಲಾಕಿನ ಬೀದಿ ಇದೆ. ಮ್ಯಾನ್‌ಹ್ಯಾಟನ್‌ನಲ್ಲಿ ಸೆಂಟ್ರಲ್ ಪಾರ್ಕ್ ಪಕ್ಕದ ವೆಸ್ಟ್ 69ನೇ ಬೀದಿ. ಎರಡೂ ಕಡೆ ಮನೆ ಮುಂದೆ ಮಾಡಿದ ಅಲಂಕಾರ ನೋಡುವಂಥದ್ದು. ಆದರೆ ಜನ ಕಿಕ್ಕಿರಿದಿರುತ್ತಾರೆ. ಒಂದು ಚಾಕಲೇಟಿಗೆ ಇಪ್ಪತ್ತು ನಿಮಿಷ ಸಾಲು ನಿಂತಿದ್ದೇನೆ. ಮಗ ದೊಡ್ಡವನಾದ ಮೇಲೆ ನೋಡಿ.

ಜರ್ಸಿ_ತಾತ · ಅಕ್ಟೋಬರ್ 12

ತಾಯಿ, ನಾನು ಈ ದೇಶಕ್ಕೆ ಬಂದು ನಾಲ್ಕು ದಶಕ ಆಯಿತು. ಎರಡು ತಲೆಮಾರಿನ ಮಕ್ಕಳನ್ನು ಕೈ ಹಿಡಿದು ಸುತ್ತಿಸಿದ್ದೇನೆ. ಒಂದೇ ಮಾತು: ಬೆಳಕಿದ್ದಾಗಲೇ ಮುಗಿಸಿ.

31ಕ್ಕೆ ಸೂರ್ಯ ಮುಳುಗುವುದು ಆರಕ್ಕೆ ಎಂಟು ನಿಮಿಷ ಇರುವಾಗ. ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದು ನವೆಂಬರ್ ಮೊದಲ ಭಾನುವಾರ. 2007ಕ್ಕೆ ಮುಂಚೆ ಅದು ಅಕ್ಟೋಬರ್ ಕೊನೆಯ ಭಾನುವಾರವೇ ಆಗಿಬಿಡುತ್ತಿತ್ತು. ಆಗ ನನ್ನ ಮಗಳು ಐದು ಗಂಟೆಯ ಕತ್ತಲಲ್ಲಿ ಟಾರ್ಚ್ ಹಿಡಿದು ಓಡುತ್ತಿದ್ದಳು, ಹಿಂದೆ ನಾನು. ಈಗ ನಿಮಗೆ ಒಂದು ಗಂಟೆ ಹೆಚ್ಚು ಬೆಳಕು. ಶಾಲೆ ಬಿಟ್ಟು ತಿಂಡಿ ಆದ ತಕ್ಷಣ ಹೊರಡಿ. ಪುಟ್ಟ ಮಕ್ಕಳ ಹೊತ್ತು ಅದೇ. ಏಳರ ಮೇಲೆ ಬರುವುದು ಮೀಸೆ ಚಿಗುರಿದ ಹುಡುಗರು. ಅವರ ವೇಷಕ್ಕೆ ನಿಮ್ಮ ಮಗಳು ಖಂಡಿತ ಅಳುತ್ತಾಳೆ.

ಚಳಿಗೆ ಬೆಚ್ಚಗಿನ ಬಟ್ಟೆ ಒಳಗೆ, ವೇಷ ಮೇಲೆ. ಕೋಟು ಮೇಲೆ ಹಾಕಿಸಿದರೆ "ವೇಷ ಕಾಣಲ್ಲ" ಅಂತ ರಾದ್ಧಾಂತ ಆಗುತ್ತದೆ. ಮುಖವಾಡ ಬೇಡ, ಕಣ್ಣಿಗೆ ಅಡ್ಡ ಬಂದು ಮೆಟ್ಟಿಲಲ್ಲಿ ಎಡವುತ್ತಾರೆ. ಬಣ್ಣ ಹಚ್ಚಿ.

ಮೂರು_ಮಕ್ಕಳ_ತಾಯಿ · ಅಕ್ಟೋಬರ್ 13

ನನ್ನ ಕಡೆಯಿಂದ ಮಿಠಾಯಿ ಪುರಾಣ. ಇದನ್ನು ಯಾರೂ ಮೊದಲೇ ಹೇಳೋದಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ನೀವು ಸಸ್ಯಾಹಾರಿಗಳಾದರೆ ಚೀಲ ಮನೆಗೆ ಬಂದ ಮೇಲೆ ಟೇಬಲ್ ಮೇಲೆ ಸುರಿದು ಆರಿಸಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಜಿಗುಟಾದ ಕರಡಿ ಆಕಾರದ ಗಮ್ಮಿಗಳು, ಮಾರ್ಷ್‌ಮೆಲ್ಲೋ, ಇಲ್ಲಿ ಸಿಗುವ ಸ್ಟಾರ್‌ಬರ್ಸ್ಟ್, ಇವುಗಳಲ್ಲಿ ಜೆಲಟಿನ್ ಇರುತ್ತೆ. ಅದು ಹಂದಿ, ದನದ ಚರ್ಮ ಮೂಳೆಯಿಂದ ತೆಗೆದದ್ದು. ಹಳದಿ, ಕಿತ್ತಳೆ, ಬಿಳಿ ಪಟ್ಟೆಯ ಕ್ಯಾಂಡಿ ಕಾರ್ನ್ ನೋಡಲು ಜೋಳದ ಕಾಳಿನ ಹಾಗೆ ಮುದ್ದಾಗಿದೆ. ಸಾಮಾನ್ಯವಾಗಿ ಅದರಲ್ಲೂ ಜೆಲಟಿನ್ ಇದೆ, ಮೇಲಿನ ಹೊಳಪಿಗೆ ಅರಗು ಬೇರೆ. ಹೌದು, ಪಾಂಡವರಿಗೆ ಮನೆ ಕಟ್ಟಿಸಿದ್ದರಲ್ಲ, ಅದೇ ಅರಗು. ಸ್ಕಿಟಲ್ಸ್, ಸ್ವೀಡಿಷ್ ಫಿಶ್‌ನಲ್ಲಿ ಜೆಲಟಿನ್ ಇಲ್ಲ. ಹೆಸರಲ್ಲಿ ಮೀನಿದೆ ಅಷ್ಟೇ. ಮೊಟ್ಟೆ ತಿನ್ನದವರಾದರೆ ಚೀಟಿ ಪೂರ್ತಿ ಓದಿ.

ನನ್ನ ನಡುವಿನವನಿಗೆ ಕಡ್ಲೆಬೀಜ ಆಗಲ್ಲ. ಅದಕ್ಕೆ ನಾವು ಹಸಿರು ನೀಲಿ ಬಣ್ಣದ ಕುಂಬಳಕಾಯಿ ಇಟ್ಟ ಮನೆ ಹುಡುಕುತ್ತೇವೆ. ಆ ಬಣ್ಣ ಇದ್ದರೆ ಅಲ್ಲಿ ತಿನ್ನುವುದಲ್ಲದೆ ಸ್ಟಿಕ್ಕರ್, ಪೆನ್ಸಿಲ್, ಪುಟ್ಟ ಚೆಂಡು ಇಂಥವೂ ಸಿಗುತ್ತವೆ ಅಂತ ಅರ್ಥ. 2014ರಿಂದ ಈ ಪದ್ಧತಿ ದೇಶವೆಲ್ಲಾ ಹಬ್ಬಿದೆ. ನೀವೂ ಒಂದು ಡಬ್ಬಿಯಲ್ಲಿ ಸ್ಟಿಕ್ಕರ್ ಇಟ್ಟುಕೊಳ್ಳಿ. ಯಾವುದೋ ಒಂದು ಮಗುವಿನ ಮುಖ ಅರಳುತ್ತೆ.

ಅತ್ತೆಯವರು ಪ್ರೀತಿಯಿಂದ ಕೊಬ್ಬರಿ ಮಿಠಾಯಿ ಮಾಡಿ ಹಂಚೋಣ ಅಂದಾರು. ಮಾಡಲಿ, ಗುರುತಿನ ಮನೆಗಳಿಗೆ ಮಾತ್ರ. ಬಾಗಿಲಿಗೆ ಬರುವ ಅಪರಿಚಿತ ಮಕ್ಕಳಿಗೆ ಅಂಗಡಿಯ ಪೊಟ್ಟಣವೇ ಆಗಬೇಕು. ಮನೆಯಲ್ಲಿ ಮಾಡಿದ್ದನ್ನ ಅವರಪ್ಪ ಅಮ್ಮ ಎಸೆದುಬಿಡುತ್ತಾರೆ. ನಮ್ಮಮ್ಮನ ಕೋಡುಬಳೆ ಹಾಗೆ ಕಸದ ಡಬ್ಬಿಯಲ್ಲಿ ಕಂಡು ಅವರಿಗೆ ಎಷ್ಟು ಬೇಜಾರಾಯಿತು ಅಂದ್ರೆ, ಆ ರಾತ್ರಿ ಊಟ ಮಾಡಲಿಲ್ಲ.

ಇನ್ನೊಂದು. ದುಡ್ಡು ಕೊಟ್ಟು ಹೋಗುವ ದೆವ್ವದ ಮನೆಗಳಿಗೆ ಹೋಗಬೇಡಿ. "ಮಕ್ಕಳಿಗೂ ಸರಿ" ಅಂತ ಬೋರ್ಡ್ ಇದ್ದ ಒಂದಕ್ಕೆ ಹೋದ ವರ್ಷ ಐವರು ಹೋದೆವು. ಹೆಸರು ಬೇಡ. ಎರಡನೇ ಕೋಣೆಯಲ್ಲೇ ಚಿಕ್ಕವಳು ಚೀರಿ ವಾಂತಿ ಮಾಡಿಕೊಂಡಳು. ಹಣ ವಾಪಸ್ ಇಲ್ಲ. ಒಂದು ತಿಂಗಳು ಬಾತ್‌ರೂಮಿಗೆ ಒಬ್ಬಳೇ ಹೋಗಲಿಲ್ಲ.

ಸುಮ್ನೆ_ನೋಡೋನು · ಅಕ್ಟೋಬರ್ 13

ಬೇಜಾರು ಮಾಡಿಕೊಳ್ಳಬೇಡಿ. ಮುಂದಿನ ವಾರ ದೀಪಾವಳಿ. ನವೆಂಬರ್ 1ಕ್ಕೆ ರಾಜ್ಯೋತ್ಸವ. ಅದನ್ನೆಲ್ಲ ಬಿಟ್ಟು ಮಕ್ಕಳ ಕೈಗೆ ದೆವ್ವದ ಹಬ್ಬ ಯಾಕೆ ಕೊಡಬೇಕು? ಮಿಠಾಯಿ ಬೇಡಿಕೊಂಡು ಮನೆ ಮನೆ ಅಲೆಯೋದು ನನಗ್ಯಾಕೋ ಸರಿ ಕಾಣಲ್ಲ.

ಜರ್ಸಿ_ತಾತ · ಅಕ್ಟೋಬರ್ 13

ಬೇಡುವುದು ಅಂದಿರಲ್ಲ, ಅದಕ್ಕೆ ಹೇಳುತ್ತೇನೆ. ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಅಗ್ರಹಾರದಲ್ಲಿ. ನವರಾತ್ರಿ ಬಂದರೆ ನಾವು ಹತ್ತು ಹನ್ನೆರಡು ಮಕ್ಕಳು ಸಂಜೆ ಸಂಜೆ ಹೊರಡುತ್ತಿದ್ದೆವು. "ರೀ, ಗೊಂಬೆ ಕೂರಿಸಿದ್ದೀರಾ?" ಅಂತ ಒಂದೊಂದು ಬಾಗಿಲಲ್ಲೂ ಕೂಗು. ಗೊಂಬೆ ನೋಡಿದ್ದು ಅರ್ಧ ನಿಮಿಷ. ಕಣ್ಣೆಲ್ಲ ಗೊಂಬೆ ಬಾಗಿನದ ತಟ್ಟೆ ಮೇಲೆ. ಯಾರ ಮನೆಯಲ್ಲಿ ರವೆ ಉಂಡೆ, ಯಾರ ಮನೆಯಲ್ಲಿ ಬರೀ ಪುರಿ ಅನ್ನುವುದು ನಮಗೆ ಬಾಯಿಪಾಠ. ಪುರಿ ಮನೆಗೆ ಮರುದಿನ ಹೋಗುತ್ತಿರಲಿಲ್ಲ. ಆಗ ನಾವು ಬೇಡಿದೆವು ಅಂತ ಯಾರಿಗೂ ಅನ್ನಿಸಲಿಲ್ಲ.

ಕಾಮನ ಹಬ್ಬಕ್ಕೆ ಕಟ್ಟಿಗೆ ಕದ್ದ ಕಥೆ ಇಲ್ಲಿ ಬೇಡ. ಮೊಮ್ಮಕ್ಕಳು ಓದುತ್ತಾರೆ.

ಕಡಲತಡಿ · ಅಕ್ಟೋಬರ್ 14

ತಾತ, ಗೊಂಬೆ ಕಥೆ ಒಪ್ಪಿದೆ. ಆದರೆ ಎಲ್ಲವೂ ಒಂದೇ ಅಂತ ಹೇಳಿಬಿಡೋದು ಬೇಡ ಮಾರಾಯ್ರೇ. ನಮ್ಮ ಮಂಗಳೂರು ಉಡುಪಿ ಕಡೆ ನವರಾತ್ರಿಗೆ ವೇಷ ಹಾಕಿ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗುತ್ತಾರೆ. ನೋಡಿದವರಿಗೆ ಹ್ಯಾಲೋವೀನ್ ಅನ್ನಿಸಬಹುದು. ಆದರೆ ಅದರಲ್ಲಿ ಎಷ್ಟೋ ವೇಷ ಹರಕೆಯದ್ದು. ಕಾಯಿಲೆ ವಾಸಿಯಾದರೆ ಹುಲಿವೇಷ ಹಾಕುತ್ತೇನೆ ಅಂತ ದೇವಿಗೆ ಹೇಳಿಕೊಂಡದ್ದು. ಇಲ್ಲಿನದ್ದು ಆಟ. ಆಟವನ್ನು ಆಟ ಅಂತಲೇ ಆಡಿದರೆ ಸಾಕು, ಅದಕ್ಕೆ ನಮ್ಮ ಕಡೆಯ ಸರ್ಟಿಫಿಕೇಟ್ ಯಾಕೆ?

ಹೊಸಬಳು ಅಕ್ಕ, ನಿಜವಾಗಿ ಬರೆಯಲು ಬಂದದ್ದು ನಿಮಗೆ. ಮಗನಿಗೆ ದೈವದ ವೇಷ ದಯವಿಟ್ಟು ಹಾಕಿಸಬೇಡಿ. ಗದರಿಸುತ್ತಿಲ್ಲ. ಕಟ್ಟುವವರು ವ್ರತ ಹಿಡಿದು ಕಟ್ಟುವಂಥದ್ದು ಅದು. ನಮ್ಮ ಮನೆಯಲ್ಲಿ ಅದರ ಎದುರು ಅಜ್ಜ ಅಜ್ಜಿ ಕೈ ಮುಗಿದು ನಿಂತು ಕಷ್ಟ ಹೇಳಿಕೊಳ್ಳುತ್ತಾರೆ. ಮಗು ಅದನ್ನು ಹಾಕಿಕೊಂಡು ಚಾಕಲೇಟು ಕೇಳಿದರೆ ನೋಡಲು ಸಂಕಟ ಆಗುತ್ತೆ.

ಹುಲಿವೇಷ ಆದೀತು. ಅದನ್ನು ನಾವೇ ಮಕ್ಕಳಿಗೆ ಅಷ್ಟಮಿಗೆ, ಶಾಲೆಯ ಫಂಕ್ಷನ್‌ಗೆ ಹಾಕಿಸುತ್ತೇವೆ. ಹಳದಿ ಟೀಶರ್ಟು, ಹಳದಿ ಪೈಜಾಮ, ಮೇಲೆ ಕಪ್ಪು ಬಟ್ಟೆ ಪೇಂಟ್‌ನಲ್ಲಿ ಪಟ್ಟೆ. ಮುಖಕ್ಕೆ ನೀರಲ್ಲಿ ತೊಳೆದರೆ ಹೋಗುವ ಬಣ್ಣ. ಹೆಜ್ಜೆ ಬೇಕಾದರೆ ಹೇಳಿ, ವಿಡಿಯೋ ಕಾಲ್‌ನಲ್ಲಿ ಕಲಿಸುತ್ತೇನೆ. ಹುಲಿ ಕುಣಿತಕ್ಕೆ ಬಾರಿಸುವ ತಾಸೆಯ ಬದಲು ಪಾತ್ರೆ ಸಾಕು.

ಹೊಸಬಳು_ಕ್ವೀನ್ಸ್ · ಅಕ್ಟೋಬರ್ 14

ಕಡಲತಡಿ ಅವರೇ, ತುಂಬಾ ಥ್ಯಾಂಕ್ಸ್. ನಾವು ಮೈಸೂರಿನವರು, ನಿಜವಾಗಲೂ ಇಷ್ಟು ಗೊತ್ತಿರಲಿಲ್ಲ. ಮಗನಿಗೆ ನಿಮ್ಮ ಮಾತು ಹಾಗೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡ. ಆಮೇಲೆ "ಹುಲಿಗೆ ಬಾಲ ಇರುತ್ತಾ?" ಅಂದ. ಅಲ್ಲಿಗೆ ಗೆದ್ದ ಹಾಗೆ.

ಫ್ಲೋರಲ್‌ಪಾರ್ಕ್_ಪದ್ದು · ಅಕ್ಟೋಬರ್ 15

ಕುಂಬಳಕಾಯಿ ಎಲ್ಲಿಂದ ತರುತ್ತೀರಿ ಅಂತ ಯಾರೂ ಹೇಳಲಿಲ್ಲ! ನಮ್ಮ ಮನೆ ಹತ್ತಿರ ಕ್ವೀನ್ಸ್ ಕೌಂಟಿ ಫಾರ್ಮ್ ಮ್ಯೂಸಿಯಂ ಇದೆ. 1697ರಿಂದ ಬೇಸಾಯ ನಡೆದ 47 ಎಕರೆ ಜಾಗ, ಅದೂ ನ್ಯೂಯಾರ್ಕ್ ನಗರದ ಒಳಗೇ. ಅಕ್ಟೋಬರ್ ವಾರಾಂತ್ಯಗಳಲ್ಲಿ ಕುಂಬಳಕಾಯಿ ಹರಡಿದ ಗದ್ದೆ, ಟ್ರ್ಯಾಕ್ಟರ್ ಹಿಂದೆ ಹುಲ್ಲಿನ ಗಾಡಿ, ಮುಸುಕಿನ ಜೋಳದ ಹೊಲದಲ್ಲಿ ದಾರಿ ತಪ್ಪಿಸುವ ಆಟ. ಕಾರು ಬೇಡ. ಕ್ಯೂ ಗಾರ್ಡನ್ಸ್ ಸ್ಟೇಷನ್‌ನಿಂದ ಯೂನಿಯನ್ ಟರ್ನ್‌ಪೈಕ್ ಮೇಲೆ ಕ್ಯೂ46 ಬಸ್. ವಾಪಸ್ ಬರುವಾಗ ಕುಂಬಳಕಾಯಿ ತೊಡೆ ಮೇಲೆ. ಚಿಕ್ಕದನ್ನೇ ಆರಿಸಿ, ನನ್ನ ಅನುಭವದ ಮಾತು.

ಅತ್ತೆಯವರಿಗೆ ಮೊದಲೇ ಹೇಳಿಬಿಡಿ, ಕೊರೆಯುವ ದೊಡ್ಡ ಕಾಯಿ ಪಲ್ಯಕ್ಕೆ ಬಾರದು. ಬರೀ ನೀರು, ನಾರು. ಅಡುಗೆಗೆ ಶುಗರ್ ಪಂಪ್ಕಿನ್ ಅಂತ ಸಣ್ಣದು ಬೇರೆ ಸಿಗುತ್ತೆ, ಹುಳಿಗೂ ಕಡುಬಿಗೂ ಚೆನ್ನಾಗಿರುತ್ತೆ. ದೊಡ್ಡದರ ಬೀಜ ಮಾತ್ರ ಎಸೆಯಬೇಡಿ. ತೊಳೆದು ಒಣಗಿಸಿ ಉಪ್ಪು ಖಾರ ಹಾಕಿ ಹುರಿದರೆ ಸಂಜೆ ಕಾಫಿಗೆ ಆಯಿತು.

ಮೂರು ದಿನಕ್ಕಿಂತ ಮುಂಚೆ ಕೊರೆಯಬೇಡಿ, ಕೊಳೆಯುತ್ತೆ. ಹೊರಗೆ ಇಡಬೇಡಿ, ಅಳಿಲು ಬಂದು ಮೂಗು ತಿಂದು ಹೋಗುತ್ತೆ. ಒಳಗೆ ಬ್ಯಾಟರಿ ದೀಪ ಇಡಿ, ಮೇಣದ ಬತ್ತಿ ಅಪಾರ್ಟ್‌ಮೆಂಟ್‌ಗೆ ಬೇಡ.

ಬೆಣ್ಣೆದೋಸೆ_ಬ್ರೂಕ್ಲಿನ್ · ಅಕ್ಟೋಬರ್ 15

ಪದ್ದಕ್ಕ ನೆನಪಿಸಿದಿರಿ. ಕುಂಬಳದ ದೀಪ ನೋಡಲು ಇಷ್ಟ ಆದರೆ ಸೆಂಟ್ರಲ್ ಪಾರ್ಕ್‌ನ ಉತ್ತರ ತುದಿಯಲ್ಲಿ ಹಾರ್ಲೆಂ ಮೀರ್ ಅನ್ನುವ ಕೆರೆ ಇದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಒಂದು ಸಂಜೆ ಕೊರೆದ ಕುಂಬಳಗಳನ್ನು ದೀಪ ಹಚ್ಚಿ ನೀರಲ್ಲಿ ತೇಲಿ ಬಿಡುತ್ತಾರೆ. 2 ಅಥವಾ 3 ಟ್ರೇನ್, 110ನೇ ಬೀದಿ. ಭಯದ್ದು ಏನೂ ಇಲ್ಲ. ನಮ್ಮ ಕಾರ್ತಿಕ ದೀಪದ ಹಾಗೆ... ಬೇಡ ಬಿಡಿ, ಕಡಲತಡಿ ಬೈತಾರೆ.

ದುಡ್ಡು ಖರ್ಚು ಮಾಡಿದರೂ ಪರವಾಗಿಲ್ಲ ಅಂದ್ರೆ ಕ್ರೋಟನ್ ಅನ್ನುವ ಊರಲ್ಲಿ ಏಳು ಸಾವಿರಕ್ಕೂ ಹೆಚ್ಚು ಕುಂಬಳ ಕೊರೆದು ಹಳೇ ಬಂಗಲೆಯ ತೋಟದಲ್ಲಿ ಜೋಡಿಸುತ್ತಾರೆ. ಗ್ರ್ಯಾಂಡ್ ಸೆಂಟ್ರಲ್‌ನಿಂದ ರೈಲಿದೆ, ಟಿಕೆಟ್ ಮೊದಲೇ ತಗೋಬೇಕು. ದಾರಿಯಲ್ಲೇ ಸ್ಲೀಪಿ ಹಾಲೋ, ತಲೆಯಿಲ್ಲದ ಕುದುರೆ ಸವಾರನ ಕಥೆಯ ಊರು. 1996ರವರೆಗೆ ಅದರ ಹೆಸರು ನಾರ್ತ್ ಟ್ಯಾರಿಟೌನ್. ಕಥೆಯಿಂದ ಜನ ಬರುತ್ತಾರೆ ಅಂತ ಊರಿಗೆ ಊರೇ ಹೆಸರು ಬದಲಿಸಿಕೊಂಡಿತು. ಇದು ಸುಮ್ನೆ ಮಾಹಿತಿಗೆ, ಈ ವರ್ಷ ನಿಮಗೆ ಬೇಡ.

ಹೊಸಬಳು_ಕ್ವೀನ್ಸ್ · ನವೆಂಬರ್ 1

ಎಲ್ಲರಿಗೂ ರಾಜ್ಯೋತ್ಸವದ ಶುಭಾಶಯ. ನಿನ್ನೆಯ ವರದಿ ಒಪ್ಪಿಸಬೇಕಲ್ಲ.

ಲಾಬಿಯಲ್ಲಿ ಹಾಳೆ ಇರಲಿಲ್ಲ. ಸೂಪರ್‌ನ ಕೇಳಿದೆ, "ಹಾಕಿ" ಅಂದರು. ನಾನೇ ಅಂಟಿಸಿದೆ. ಮೊದಲ ಎರಡು ದಿನ ನಮ್ಮ ನಂಬರು ಒಂದೇ. ತುಂಬಾ ನಾಚಿಕೆ ಆಯಿತು. ಮೂರನೇ ದಿನ ನೋಡಿದರೆ ಹದಿನಾಲ್ಕು! ಐದನೇ ಮಹಡಿಯ ವಯಸ್ಸಾದ ಹೆಂಗಸೊಬ್ಬರು ಲಿಫ್ಟ್‌ನಲ್ಲಿ ಸಿಕ್ಕಿ, ಈ ಕಟ್ಟಡದಲ್ಲಿ ಮಕ್ಕಳು ಬಾಗಿಲಿಗೆ ಬಂದು ಎಷ್ಟೋ ವರ್ಷ ಆಯಿತು, ಹಾಳೆ ಯಾರು ಹಾಕಿದ್ದು ಅಂತ ಕೇಳಿದರು.

ನಾಲ್ಕಕ್ಕೆ ಜಾಕ್ಸನ್ ಹೈಟ್ಸ್‌ಗೆ ಹೊರಟೆವು. ಗಾಳಿ ಜೋರಿತ್ತು, ಹುಲಿಯ ಬಾಲ ಎರಡು ಸಲ ಹಾರಿ ಹೋಯಿತು. ಮಗಳು ಚಿಟ್ಟೆ. ಅಲ್ಲಿ ಪುಟ್ಟ ಪುಟ್ಟ ಮಕ್ಕಳೇ ತುಂಬಿದ್ದರು. ಸ್ಪ್ಯಾನಿಷ್, ಬಂಗಾಳಿ, ನೇಪಾಳಿ, ಏನೇನೋ ಮಾತು. ಒಂದು ಮಗು ಟ್ಯಾಕೋ ವೇಷ ಹಾಕಿತ್ತು. ಅದನ್ನು ನೋಡಿ ಮಗಳು ಬಿದ್ದು ಬಿದ್ದು ನಕ್ಕಳು. ಅಸ್ಥಿಪಂಜರವೂ ಬಂತು. ಅದು ಎರಡು ವರ್ಷದ ಮಗು, ಬಾಯಲ್ಲಿ ನಿಪ್ಪಲ್. "ಅಮ್ಮ, ಮೂಳೆ ಪಾಪು" ಅಂದಳು. ಭಯ ಹೋದದ್ದು ಆಗಲೇ ಅನ್ನಿಸುತ್ತೆ. ಮಗ ಬ್ಯಾಂಡಿನ ಪಕ್ಕ ಕಡಲತಡಿ ಅವರು ಕಲಿಸಿದ ಮೂರು ಹೆಜ್ಜೆ ಹಾಕಿದ. ಡ್ರಮ್ ಬಾರಿಸುವವರು ಅವನ ಹೆಜ್ಜೆಗೆ ಸರಿಯಾಗಿ ಬಾರಿಸಲು ನೋಡಿದರು. ತಾಳ ಕೂಡಲಿಲ್ಲ, ಇಬ್ಬರೂ ನಕ್ಕರು.

ಆರಕ್ಕೆ ಮನೆ. ಆಮೇಲೆ ಕಟ್ಟಡದೊಳಗೆ ಒಂದು ಗಂಟೆ. ಅತ್ತೆಯವರು "ನಾನು ಬರಲ್ಲ, ಬಾಗಿಲೂ ತೆಗೆಯಲ್ಲ" ಅಂದಿದ್ದರು. ನಾವು ವಾಪಸ್ ಬಂದಾಗ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ! ಒಂದು ಮಗುವಿಗೆ ಎರಡು ಚಾಕಲೇಟು, ಒಂದು ಸ್ಟಿಕ್ಕರ್. ಒಬ್ಬ ಹುಡುಗ ಅವರ ಸೀರೆ ನೋಡಿ "ನಿಮ್ಮ ವೇಷ ಸೂಪರ್" ಅಂದನಂತೆ. "ವೇಷ ನಿಮ್ಮಪ್ಪಂದು ಅಂತ ಕನ್ನಡದಲ್ಲೇ ಹೇಳಿದೆ ಕಣೇ, ಥ್ಯಾಂಕ್ಯೂ ಅಂತ ಹೋದ" ಅಂದರು.

ಕೊಬ್ಬರಿ ಮಿಠಾಯಿ ಐದನೇ ಮಹಡಿಯವರಿಗೆ ಕೊಟ್ಟೆವು. ತಟ್ಟೆ ಖಾಲಿ ಕಳಿಸಬಾರದು ಅಂತ ಅವರಿಗೆ ಯಾರು ಹೇಳಿದರೋ, ಅರ್ಧ ಆಪಲ್ ಕೇಕ್ ಇಟ್ಟು ಕಳಿಸಿದ್ದಾರೆ.

ಏಳೂವರೆಗೆ ಚಾಕಲೇಟು ಮುಗಿಯಿತು. ಆದರೂ ತಟ್ಟುತ್ತಲೇ ಇದ್ದರು. ನಾನು "ಖಾಲಿ" ಅಂತ ಬರೆದು ಅಂಟಿಸೋಣ ಅಂತ ಪೆನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಅತ್ತೆಯವರು ಮೊಮ್ಮಗನ ಕೈಯಲ್ಲಿ ಬರೆಸಿ ಅಂಟಿಸಿಯೇ ಬಿಟ್ಟಿದ್ದರು. ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ: ನಾಳೆ ಬಾ.

ಸುಮ್ನೆ_ನೋಡೋನು · ನವೆಂಬರ್ 1

ಆಮೇಲೆ ಯಾರಾದರೂ ಬಂದರಾ?

ಹೊಸಬಳು_ಕ್ವೀನ್ಸ್ · ನವೆಂಬರ್ 1

ಒಬ್ಬರೂ ಇಲ್ಲ. ಅತ್ತೆಯವರು ಬೆಳಿಗ್ಗೆಯಿಂದ ಬೀಗುತ್ತಿದ್ದಾರೆ.

ಕುಂಬಳಕಾಯಿ ಮಾತ್ರ ಮೂಲೆಯಲ್ಲಿ ಬಾಯಿ ಸೊಟ್ಟ ಮಾಡಿಕೊಂಡು ಕೂತಿದೆ. ಅದನ್ನೇನು ಮಾಡಲಿ? "ಕುಂಕುಮ ಹಾಕಿ ನಾಲ್ಕು ದಾರಿ ಕೂಡುವಲ್ಲಿ ಒಡೆದು ಬಾ, ದೃಷ್ಟಿ ಹೋಗುತ್ತೆ" ಅಂತ ಆಜ್ಞೆ ಆಗಿದೆ.

ಬೆಣ್ಣೆದೋಸೆ_ಬ್ರೂಕ್ಲಿನ್ · ನವೆಂಬರ್ 1

ಅಯ್ಯೋ ಬೇಡ ಅಕ್ಕ, ಕ್ವೀನ್ಸ್ ಬುಲೇವಾರ್ಡ್‌ನಲ್ಲಿ ಅದೊಂದು ಬಾಕಿ! ದೀಪ ತೆಗೆದು ಕಂದು ಬಣ್ಣದ ಗೊಬ್ಬರದ ಡಬ್ಬಿಗೆ ಹಾಕಿ. 2024ರಿಂದ ಇಡೀ ನಗರದಲ್ಲಿ ಅದನ್ನು ಬೇರೆಯಾಗಿಯೇ ತಗೊಂಡು ಹೋಗುತ್ತಾರೆ. ಅತ್ತೆಯವರಿಗೆ ಸಮಾಧಾನ ಆಗಬೇಕು ಅಂದ್ರೆ ಡಬ್ಬಿಯೊಳಗೇ ಸ್ವಲ್ಪ ಜೋರಾಗಿ ಎಸೆಯಿರಿ.